ನಮ್ಮೂರ ಕಲಾವಿದರನ್ನು ಹುಡುಕಿದ ದೊರೆ: ಶಾಹು ಮಹಾರಾಜರ ಇನ್ನೊಂದು ಮುಖ

ಮುರಗೂಡ: ಪ್ರತಿ ವರ್ಷ ಜೂನ್ 26 ಬಂತೆಂದರೆ ಕೊಲ್ಲಾಪುರ ಜಿಲ್ಲೆಯ ಊರೂರುಗಳಲ್ಲಿ ರಾಜರ್ಷಿ ಶಾಹು ಮಹಾರಾಜರ ಜಯಂತಿ ನಡೆಯುತ್ತದೆ. ಶಾಲೆಗಳಲ್ಲಿ ಮಕ್ಕಳು ಭಾಷಣ ಮಾಡುತ್ತಾರೆ, ಚೌಕಗಳಲ್ಲಿ ಭಾವಚಿತ್ರಕ್ಕೆ ಹಾರ ಬೀಳುತ್ತದೆ. 1902ರ ಮೀಸಲಾತಿ ಆದೇಶ, ಕಡ್ಡಾಯ ಪ್ರಾಥಮಿಕ ಶಿಕ್ಷಣ, ರಾಧಾನಗರಿ ಅಣೆಕಟ್ಟು, ವಿದ್ಯಾರ್ಥಿ ವಸತಿಗೃಹಗಳು, ಖಾಸಬಾಗ ಕುಸ್ತಿ ಮೈದಾನ ಇವೆಲ್ಲ ನಮಗೆ ಬಾಯಿಪಾಠವಾಗಿವೆ. ಆದರೆ ಈ ದೊರೆ ಇನ್ನೂ ಒಂದು ಕೆಲಸ ಮಾಡಿದ್ದರು. ತನ್ನ ಊರಿನ ಕೆರೆಯ ದಂಡೆಯಲ್ಲಿ, ಬಡಿಗರ ಓಣಿಯಲ್ಲಿ, ನಾಟಕ ಕಂಪನಿಯ ಬಿಡಾರದಲ್ಲಿ ತಮ್ಮಷ್ಟಕ್ಕೆ ತಾವು ಕೆಲಸ ಮಾಡಿಕೊಂಡಿದ್ದ ವಿಚಿತ್ರ ಸ್ವಭಾವದ ಕಲಾವಿದರನ್ನು ಗುರುತಿಸಿದ್ದರು, ಅವರ ಕೆಲಸಕ್ಕೆ ಆಸರೆಯಾಗಿದ್ದರು. ಕೊಲ್ಲಾಪುರವನ್ನು ಇವತ್ತಿಗೂ ಕಲಾಪುರ ಎಂದು ಕರೆಯುವುದರ ಹಿಂದೆ ಈ ಕೆಲಸವೇ ಇದೆ.

ನಮ್ಮ ಮುರಗೂಡ ಇರುವುದು ಕಾಗಲ ತಾಲೂಕಿನಲ್ಲಿ. ಶಾಹು ಮಹಾರಾಜರು ಹುಟ್ಟಿದ್ದು ಅದೇ ಕಾಗಲದ ಘಾಟಗೆ ಮನೆತನದಲ್ಲಿ. ಮುರಗೂಡದ ಕೆರೆಗೆ ಹೆಸರು ಕೊಟ್ಟಿರುವ ಸರ್ ಪಿರಾಜಿರಾವ ಘಾಟಗೆ ಅವರ ಒಡಹುಟ್ಟಿದ ತಮ್ಮ. ಹಾಗಾಗಿ ಈ ಕತೆ ನಮಗೆ ದೂರದ ರಾಜನ ಕತೆಯಲ್ಲ, ಮನೆಯವರ ಕತೆ.

ಕಾಗಲದ ಹುಡುಗ, ಮುಧೋಳದ ಮೊಮ್ಮಗ

ಶಾಹು ಮಹಾರಾಜರ ಮೊದಲ ಹೆಸರು ಯಶವಂತರಾವ. 1874ರ ಜೂನ್ 26ರಂದು ಜನನ. ತಂದೆ ಜಯಸಿಂಗರಾವ ಘಾಟಗೆ, ಕಾಗಲದ ಜಹಗೀರದಾರರು. ತಾಯಿ ರಾಧಾಬಾಯಿ, ಮುಧೋಳದ ಘೋರ್ಪಡೆ ಅರಸು ಮನೆತನದ ಮಗಳು. ಅಂದರೆ ಈ ದೊರೆಯ ಅಜ್ಜಿಮನೆ ಇಂದಿನ ಬಾಗಲಕೋಟೆ ಜಿಲ್ಲೆಯ ಕನ್ನಡ ನೆಲದಲ್ಲಿತ್ತು. ತಾಯಿ ಮಗನ ಎಳವೆಯಲ್ಲಿಯೇ ತೀರಿಕೊಂಡರು. ತಂದೆಯೂ ಬಹುಕಾಲ ಬದುಕಲಿಲ್ಲ.

ಕೊಲ್ಲಾಪುರದ ನಾಲ್ಕನೆಯ ಶಿವಾಜಿ ಮಹಾರಾಜರು 1883ರ ಡಿಸೆಂಬರಿನಲ್ಲಿ ಅಹಮದನಗರದಲ್ಲಿ ಮಕ್ಕಳಿಲ್ಲದೆ ಸತ್ತರು. ಅವರ ರಾಣಿ ಆನಂದೀಬಾಯಿ 1884ರ ಮಾರ್ಚ್ 17ರಂದು ಕಾಗಲದ ಯಶವಂತರಾವನನ್ನು ದತ್ತು ಪಡೆದರು. ಹತ್ತು ವರ್ಷದ ಹುಡುಗ ಒಂದೇ ದಿನದಲ್ಲಿ ಶಾಹು ಛತ್ರಪತಿಯಾದ.

ಮುಂದೆ ರಾಜಕೋಟದ ರಾಜಕುಮಾರ ಕಾಲೇಜಿನಲ್ಲಿ ಓದು. ಅದಾದ ಮೇಲೆ ಧಾರವಾಡ. ಸ್ಟುವರ್ಟ್ ಫ್ರೇಜರ್ ಎಂಬ ಅಧಿಕಾರಿಯ ಕೈಕೆಳಗೆ ಅಲ್ಲಿ ಆಡಳಿತ, ಇತಿಹಾಸ, ಇಂಗ್ಲಿಷ್ ಕಲಿಕೆ ನಡೆಯಿತು. ಇದೇ ಫ್ರೇಜರ್ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುವಾದರು. ಕಲೆಗೆ ಹೆಸರಾದ ಎರಡು ಸಂಸ್ಥಾನಗಳ ಅರಸರಿಗೆ ಒಬ್ಬರೇ ಗುರು ಎಂಬುದು ಗಮನಿಸಬೇಕಾದ ಸಂಗತಿ. ಧಾರವಾಡದಲ್ಲಿದ್ದಾಗಲೇ, 1891ರಲ್ಲಿ, ಬರೋಡಾದ ಖಾನವಿಲಕರ ಮನೆತನದ ಲಕ್ಷ್ಮೀಬಾಯಿಯವರೊಂದಿಗೆ ಮದುವೆಯಾಯಿತು.

1894ರ ಏಪ್ರಿಲ್ 2ರಂದು ಶಾಹು ಮಹಾರಾಜರು ಅಧಿಕಾರ ವಹಿಸಿಕೊಂಡರು. ಆಗ ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆಳು ಎತ್ತರ, ಗಟ್ಟಿಮುಟ್ಟಾದ ಮೈಕಟ್ಟು. ಕುಸ್ತಿ, ಬೇಟೆ, ಕುದುರೆ, ಆನೆ ಎಂದರೆ ಪ್ರಾಣ. ಇಂಥವರಿಗೆ ಚಿತ್ರ, ಸಂಗೀತದ ಗೊಡವೆ ಏಕೆ ಎಂದು ಯಾರಿಗಾದರೂ ಅನಿಸಬಹುದು. ಆದರೆ ಅವರು ಕಲೆಯನ್ನು ನೋಡಿದ ರೀತಿಯೇ ಬೇರೆ. ಅಖಾಡದಲ್ಲಿ ಒಳ್ಳೆಯ ಪೈಲವಾನನನ್ನು ಗುರುತಿಸುವ ಕಣ್ಣಿನಿಂದಲೇ ಅವರು ಕಲಾವಿದನನ್ನೂ ಗುರುತಿಸಿದರು. ಜಾತಿ ಯಾವುದು, ಧರ್ಮ ಯಾವುದು, ಯಾರ ಶಿಫಾರಸು ತಂದಿದ್ದಾನೆ ಎಂಬುದಕ್ಕಿಂತ ಕೈಯಲ್ಲಿ ಕಸುವು ಇದೆಯೇ ಎಂಬುದು ಅವರಿಗೆ ಮುಖ್ಯವಾಗಿತ್ತು.

ಕೋಟಿತೀರ್ಥದ ಫಕೀರ

ಆ ಕಾಲದಲ್ಲಿ ದೊಡ್ಡ ಸಂಸ್ಥಾನಗಳು ಚಿತ್ರ ಬರೆಸಲು ಹೆಸರಾಂತ ಕಲಾವಿದರನ್ನು ದೂರದಿಂದ ಕರೆಸುತ್ತಿದ್ದವು. ಬರೋಡಾ ಮತ್ತು ಮೈಸೂರಿನ ಅರಸರು ಕೇರಳದ ರಾಜಾ ರವಿವರ್ಮರನ್ನು ಕರೆಸಿಕೊಂಡಿದ್ದರು. ಕೊಲ್ಲಾಪುರದ ದೊರೆಗೆ ಸಿಕ್ಕ ಚಿತ್ರಕಾರ ಮಾತ್ರ ಊರೊಳಗಿನವರೇ. ಅವರು ಆಬಾಲಾಲ್ ರಹಿಮಾನ್.

ಆಬಾಲಾಲರದು ಕುರಾನಿನ ಪ್ರತಿಗಳನ್ನು ಕೈಬರಹದಲ್ಲಿ ಬರೆದು, ಅಂಚುಗಳನ್ನು ಬಣ್ಣದ ಬಳ್ಳಿಗಳಿಂದ ಅಲಂಕರಿಸುತ್ತಿದ್ದ ಮನೆತನ. ಅಕ್ಷರ, ಗೆರೆ, ಬಣ್ಣ ಮೂರೂ ಅವರಿಗೆ ಮನೆಯಲ್ಲೇ ಬಂದವು. ಬಳಿಕ ಅವರು ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಗೆ ಹೋದರು. 1857ರಲ್ಲಿ ಶುರುವಾಗಿದ್ದ ಆ ಶಾಲೆಯಲ್ಲಿ ಯುರೋಪಿನ ಪದ್ಧತಿಯ ಕಲಿಕೆ. ಕಣ್ಣಿಗೆ ಕಂಡದ್ದನ್ನು ನೆರಳು ಬೆಳಕಿನ ಸಮೇತ ಕಾಗದಕ್ಕಿಳಿಸುವುದನ್ನು ಅಲ್ಲಿ ಕಲಿಸುತ್ತಿದ್ದರು. ಆಬಾಲಾಲರು ಅದರಲ್ಲಿ ಎಷ್ಟು ಪಳಗಿದರೆಂದರೆ 1888ರಲ್ಲಿ ವೈಸರಾಯ್ ಚಿನ್ನದ ಪದಕ ಅವರದಾಯಿತು.

ಅಂಥ ಪದಕ ಪಡೆದವರು ಮುಂಬಯಿಯಲ್ಲಿ ನೆಲೆ ನಿಂತು ಶ್ರೀಮಂತರ ಭಾವಚಿತ್ರ ಬರೆದು ದುಡ್ಡು ಮಾಡಬಹುದಾಗಿತ್ತು. ಆಬಾಲಾಲರು ಹಾಗೆ ಮಾಡಲಿಲ್ಲ. ಕೊಲ್ಲಾಪುರಕ್ಕೆ ಮರಳಿ, ಊರ ಅಂಚಿನ ಕೋಟಿತೀರ್ಥ ಕೆರೆಯ ಬಳಿ ಗುಡಿಸಲಿನಂಥ ಮನೆಯಲ್ಲಿ ಫಕೀರನ ಹಾಗೆ ಬದುಕಿದರು. ಬೆಳಗಾದರೆ ಬಣ್ಣ, ಕಾಗದ ಹಿಡಿದು ಹೊರಟುಬಿಡುವುದು. ರಂಕಾಳಾ ಕೆರೆ, ಮಳೆಗಾಲದಲ್ಲಿ ನೀರಲ್ಲಿ ಮುಳುಗಿ ಬೇಸಿಗೆಯಲ್ಲಿ ತಲೆ ಎತ್ತುವ ಕಲ್ಲಿನ ಸಂಧ್ಯಾಮಠ, ಪಂಚಗಂಗೆಯ ಘಾಟು, ಕೋಟಿತೀರ್ಥದ ನೀರು ಇವೇ ಅವರ ವಿಷಯಗಳು. ಒಂದೇ ಜಾಗವನ್ನು ಮತ್ತೆ ಮತ್ತೆ ಬರೆದರು. ಬೆಳಗಿನ ಮಂಜು, ಮಧ್ಯಾಹ್ನದ ಬಿಸಿಲು, ಸಂಜೆಯ ಕೆಂಪು ಬದಲಾದಂತೆ ಚಿತ್ರವೂ ಬದಲಾಗುತ್ತಿತ್ತು.

ಆಗಿನ ಜನರ ಕಣ್ಣಿಗೆ ಇದು ವಿಚಿತ್ರವಾಗಿಯೇ ಕಂಡಿರಬೇಕು. ಚಿತ್ರವೆಂದರೆ ದೇವರದು ಇಲ್ಲವೆ ಅರಸರದು ಎಂದು ತಿಳಿದಿದ್ದ ಕಾಲ. ಯಾರೂ ಕೇಳದ, ಯಾರೂ ಕೊಳ್ಳದ ಕೆರೆ ದಂಡೆಯನ್ನು ದಿನವಿಡೀ ಕುಳಿತು ಬರೆಯುವವನಿಗೆ ಜನ ಏನೆಂದಾರು? ಇಂದಿನ ಕಲಾ ವಿಮರ್ಶಕರು ಮಾತ್ರ ಆಬಾಲಾಲರ ನಿಸರ್ಗಚಿತ್ರಗಳನ್ನು ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಗಳ ಪಕ್ಕದಲ್ಲಿಟ್ಟು ಮಾತಾಡುತ್ತಾರೆ. ಪ್ಯಾರಿಸನ್ನು ಕಾಣದ ಈ ಮನುಷ್ಯ ಕೊಲ್ಲಾಪುರದ ಬಿಸಿಲನ್ನೇ ನೋಡಿ ನೋಡಿ ತನ್ನದೇ ದಾರಿ ಹಿಡಿದಿದ್ದರು.

ಶಾಹು ಮಹಾರಾಜರು ಇವರನ್ನು ಆಸ್ಥಾನದ ಚಿತ್ರಕಾರರನ್ನಾಗಿ ಮಾಡಿಕೊಂಡರು. ಬೇಟೆಗೆ ಹೊರಟಾಗ ಜೊತೆಗೆ ಕರೆದೊಯ್ಯುತ್ತಿದ್ದರು. ಕಾಡು, ಕುದುರೆ, ಪ್ರಾಣಿಗಳ ಚಲನೆಯನ್ನು ಅಲ್ಲಿಯೇ ಗೆರೆಯಲ್ಲಿ ಹಿಡಿಯುವುದು ಆಬಾಲಾಲರ ಕೆಲಸ. ಆದರೆ ಆಸ್ಥಾನದ ಹುದ್ದೆ ಬಂತೆಂದು ಅವರು ಕೆರೆಯ ದಂಡೆ ಬಿಡಲಿಲ್ಲ. ದೊರೆಯೂ ಬಿಡಿಸಲಿಲ್ಲ. ಶಾಹು ಮಹಾರಾಜರ ಹೆಚ್ಚುಗಾರಿಕೆ ಇರುವುದು ಇಲ್ಲಿ. ಕಲಾವಿದನನ್ನು ಅರಮನೆಯ ಆಭರಣವಾಗಿ ಮಾಡಿಕೊಳ್ಳದೆ, ಅವನು ಇದ್ದಲ್ಲಿ, ಇದ್ದ ಹಾಗೆಯೇ ಇರಲು ಬಿಟ್ಟರು. ಅನ್ನಕ್ಕೆ ದಾರಿ ಮಾಡಿ ಸುಮ್ಮನಾದರು. ಏನು ಬರೆಯಬೇಕೆಂಬುದನ್ನು ಆಬಾಲಾಲರಿಗೇ ಬಿಟ್ಟರು.

ಹಾಡು ಮತ್ತು ನಾಟಕ

ಚಿತ್ರಕಲೆಯ ಜೊತೆಗೆ ಸಂಗೀತ, ರಂಗಭೂಮಿಯ ಕಡೆಗೂ ಶಾಹು ಮಹಾರಾಜರ ಗಮನವಿತ್ತು. ರಾಜಸ್ಥಾನದ ಕಡೆಯಿಂದ ಬಂದ ಉಸ್ತಾದ್ ಅಲ್ಲಾದಿಯಾ ಖಾನರನ್ನು 1895ರ ಹೊತ್ತಿಗೆ ಆಸ್ಥಾನ ಗಾಯಕರಾಗಿ ಇರಿಸಿಕೊಂಡರು. ಸುಲಭಕ್ಕೆ ಕಿವಿಗೆ ಒಗ್ಗದ, ಅಪರೂಪದ ರಾಗಗಳ, ವಕ್ರ ನಡೆಯ ಗಾಯನ ಅವರದು. ಕೊಲ್ಲಾಪುರದಲ್ಲಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ನಿಶ್ಚಿಂತೆಯಿಂದ ಇದ್ದದ್ದರಿಂದ ಆ ಗಾಯನ ಬೇರು ಬಿಟ್ಟಿತು, ಜೈಪುರ ಅತ್ರೌಲಿ ಘರಾಣೆ ಎಂದು ಹೆಸರಾಯಿತು. ಧಾರವಾಡ ಬಳಿಯ ಮನಸೂರಿನ ಪಂಡಿತ ಮಲ್ಲಿಕಾರ್ಜುನ ಮನಸೂರರು ಮುಂದೆ ಕಲಿತದ್ದು ಇದೇ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಲ್ಲಿ. ಕೊಲ್ಲಾಪುರದ ದೊರೆ ನೆಟ್ಟ ಸಸಿಯ ಹಣ್ಣು ಹೀಗೆ ಕನ್ನಡಿಗರಿಗೂ ದಕ್ಕಿತು.

ನಾಟಕದ ಮಾತು ಬಂದರೆ ಕೇಶವರಾವ ಭೋಸಲೆ. 1890ರಲ್ಲಿ ಕೊಲ್ಲಾಪುರದ ಬಡ ಮನೆಯಲ್ಲಿ ಹುಟ್ಟಿ, ಬಾಲನಟನಾಗಿ ಕಂಪನಿ ಸೇರಿದ ಈ ಗಾಯಕ ನಟ ತಮ್ಮದೇ ಆದ ಲಲಿತಕಲಾದರ್ಶ ಮಂಡಳಿಯನ್ನು ಕಟ್ಟಿದ್ದು 1908ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ. ಅವರ ಬೆನ್ನಿಗೂ ಶಾಹು ಮಹಾರಾಜರು ನಿಂತರು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ಇಂಗ್ಲೆಂಡಿಗೆ ಹೋದ ಶಾಹು ಮಹಾರಾಜರು ಯುರೋಪಿನ ರಂಗಮಂದಿರಗಳನ್ನು ನೋಡಿ ಬಂದಿದ್ದರು. ರೋಮಿನ ಬಯಲು ರಂಗದ ನೆನಪಲ್ಲಿ ಖಾಸಬಾಗ ಕುಸ್ತಿ ಮೈದಾನ, ಅದಕ್ಕೆ ಹೊಂದಿಕೊಂಡಂತೆ ಪ್ಯಾಲೇಸ್ ಥಿಯೇಟರ್ ಎದ್ದು ನಿಂತವು. ಥಿಯೇಟರ್ 1915ರಲ್ಲಿ ಸಿದ್ಧವಾಯಿತು. ಮುಂದೆ ಅದಕ್ಕೆ ಕೇಶವರಾವ ಭೋಸಲೆ ನಾಟ್ಯಗೃಹ ಎಂಬ ಹೆಸರು ಬಂತು.

ಬಡಿಗರ ಮನೆಯ ಕ್ಯಾಮೆರಾ

ನಾಟಕವೆಂದರೆ ಪರದೆ ಬೇಕು. ಆ ಪರದೆಗಳ ಬೆನ್ನು ಹತ್ತಿದರೆ ಸಿಗುವವರು ಮೇಸ್ತ್ರಿ ಸಹೋದರರು. ಆನಂದರಾವ ಮತ್ತು ಬಾಬುರಾವ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಮರಗೆಲಸ, ಕುಸುರಿ ಕೆಲಸದ ಮನೆತನ. ಶಾಲೆಯ ಓದು ಕಡಿಮೆ, ಚಿತ್ರಕಲಾ ಶಾಲೆಯ ಮೆಟ್ಟಿಲನ್ನಂತೂ ಹತ್ತಿದವರಲ್ಲ. ಆದರೆ 1910ರಿಂದ 1916ರ ವರೆಗೆ ಪಶ್ಚಿಮ ಭಾರತದ ದೊಡ್ಡ ನಾಟಕ ಕಂಪನಿಗಳಿಗೆ ಇವರು ಬರೆದುಕೊಟ್ಟ ಪರದೆಗಳು ಹೆಸರುವಾಸಿಯಾದವು. ಅರಮನೆ, ಕಾಡು, ಬೀದಿ ನಿಜವೆನ್ನುವಂತೆ ಆಳವಾಗಿ ಕಾಣುವ ಹಾಗೆ ಬರೆಯುತ್ತಿದ್ದರು. ಹೆಸರಿನ ಮುಂದೆ ಮೇಸ್ತ್ರಿ ಹೋಗಿ ಪೇಂಟರ್ ಎಂಬುದೇ ನಿಂತುಬಿಟ್ಟಿತು. ಬಾಬುರಾವ ಪೇಂಟರ್ ಆಬಾಲಾಲರನ್ನು ಹಿರಿಯರೆಂದು ಕಂಡವರು.

1913ರಲ್ಲಿ ದಾದಾಸಾಹೇಬ ಫಾಳಕೆಯವರ ‘ರಾಜಾ ಹರಿಶ್ಚಂದ್ರ’ ತೆರೆಗೆ ಬಂದ ಮೇಲೆ ಸಹೋದರರ ತಲೆಯಲ್ಲಿ ಹೊಸ ಹುಚ್ಚು ಹೊಕ್ಕಿತು. ಸಿನಿಮಾ ತೆಗೆಯಬೇಕು. ಅದಕ್ಕೆ ವಿದೇಶದಿಂದ ಕ್ಯಾಮೆರಾ ತರಿಸುವಷ್ಟು ಹಣವಿಲ್ಲ. ಇಲ್ಲದಿದ್ದರೇನಾಯಿತು, ನಾವೇ ಮಾಡೋಣ ಎಂದು ಕೆಲಸಕ್ಕಿಳಿದರು. 1916ರಲ್ಲಿ ಆನಂದರಾವ ಅಕಾಲ ಮರಣಕ್ಕೀಡಾದರು. ಎದೆಗುಂದದ ಬಾಬುರಾವ, ಶಿಷ್ಯ ವಿಷ್ಣುಪಂತ ದಾಮಲೆಯವರ ಜೊತೆ ಸೇರಿ ಕ್ಯಾಮೆರಾ ಸಿದ್ಧಪಡಿಸಿದರು. ಕೊಲ್ಲಾಪುರದಲ್ಲಿಯೇ ಕೈಯಾರೆ ಮಾಡಿದ ಆ ಸ್ವದೇಶಿ ಯಂತ್ರದಿಂದ ಮಹಾರಾಷ್ಟ್ರ ಫಿಲ್ಮ್ ಕಂಪನಿಯ ಚಿತ್ರಗಳು ಹುಟ್ಟಿದವು.

ಈ ಕಂಪನಿಗೆ ದುಡ್ಡಿನ ಆಸರೆಯಾದವರಲ್ಲಿ ಒಬ್ಬರು ತಾನೀಬಾಯಿ ಕಾಗಲಕರ. ಹೆಸರಲ್ಲಿಯೇ ಕಾಗಲ ಹೊತ್ತ ಈ ಗಾಯಕಿ ಅಲ್ಲಾದಿಯಾ ಖಾನರ ಶಿಷ್ಯೆ. ಆಸ್ಥಾನ ಗಾಯಕರ ಶಿಷ್ಯೆಯೊಬ್ಬರು ತಮ್ಮ ಹಾಡಿನ ಗಳಿಕೆಯನ್ನು ಬಡಿಗರ ಮನೆಯ ಹುಡುಗನ ಕನಸಿಗೆ ಕೊಟ್ಟರು. ಶಾಹು ಮಹಾರಾಜರ ಬೆಂಬಲವೂ ಕಂಪನಿಗಿತ್ತು. ಒಬ್ಬ ದೊರೆ ಒಂದು ಊರಲ್ಲಿ ನಾಲ್ಕು ಬಗೆಯ ಕಲಾವಿದರಿಗೆ ಜಾಗ ಮಾಡಿಕೊಟ್ಟರೆ ಮುಂದೆ ಅವರೇ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

1920ರಲ್ಲಿ ‘ಸೈರಂಧ್ರಿ’ ಬಿಡುಗಡೆಯಾಯಿತು. ಅದರಲ್ಲಿ ಹೆಂಗಸರೇ ಹೆಣ್ಣು ಪಾತ್ರ ಮಾಡಿದ್ದರು. ಭೀಮ ಕೀಚಕನನ್ನು ಕೊಲ್ಲುವ ದೃಶ್ಯ ಎಷ್ಟು ನಿಜವೆನಿಸಿತೆಂದರೆ ಅದಕ್ಕೆ ಸರಕಾರದ ಕತ್ತರಿ ಬಿತ್ತು. ಲೋಕಮಾನ್ಯ ತಿಲಕರು ಬಾಬುರಾವರಿಗೆ ಸಿನಿಮಾ ಕೇಸರಿ ಎಂಬ ಬಿರುದು ಕೊಟ್ಟರು. ತಮ್ಮ ಚಿತ್ರಗಳ ಜಾಹೀರಾತಿಗೆ ಬಾಬುರಾವ ಕೈಯಿಂದಲೇ ದೊಡ್ಡ ದೊಡ್ಡ ಪೋಸ್ಟರು ಬರೆಯುತ್ತಿದ್ದರು. ವಿ. ಶಾಂತಾರಾಮ, ದಾಮಲೆ, ಫತ್ತೇಲಾಲ ಬೆಳೆದದ್ದು ಇವರ ಗರಡಿಯಲ್ಲಿ. 1929ರಲ್ಲಿ ಅವರು ಹೊರಬಂದು ಕಟ್ಟಿದ್ದೇ ಹೆಸರಾಂತ ಪ್ರಭಾತ್ ಫಿಲ್ಮ್ ಕಂಪನಿ.

ಚಿತ್ರಕಾರರು ತೋರಿಸಿದ ಮನೆ

ಕಲಾವಿದರ ಒಡನಾಟದಿಂದ ಶಾಹು ಮಹಾರಾಜರಿಗೂ ದೊಡ್ಡ ಲಾಭವಾಯಿತು. ಅದು ಹಣದ ಲಾಭವಲ್ಲ. ಮುಂಬಯಿಯ ಪರಳದ ಚಾಳಿನಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರ್ ಎಂಬ ತರುಣ ವಿದ್ವಾಂಸರಿದ್ದಾರೆ ಎಂಬ ಸುದ್ದಿ ಮಹಾರಾಜರಿಗೆ ಮುಟ್ಟಿದ್ದು ದತ್ತೋಬಾ ಪವಾರ ಮತ್ತು ಚಿತ್ರಕಾರ ದತ್ತೋಬಾ ದಳವಿಯವರ ಮೂಲಕ. ದೊರೆ ತಾವೇ ಆ ಚಾಳಿಗೆ ಹೋಗಿ ಅಂಬೇಡ್ಕರರನ್ನು ಕಂಡರು. 1920ರ ಜನವರಿಯಲ್ಲಿ ಶುರುವಾದ ‘ಮೂಕನಾಯಕ’ ಪತ್ರಿಕೆಗೆ ಮಹಾರಾಜರು 2,500 ರೂಪಾಯಿ ನೆರವು ಕೊಟ್ಟರು. ಅದೇ ವರ್ಷ ಮಾರ್ಚ್ 21 ಮತ್ತು 22ರಂದು ನಮ್ಮ ಜಿಲ್ಲೆಯ ಮಾಣಗಾವದಲ್ಲಿ ಪರಿಷತ್ತು ನಡೆಯಿತು. ಅದರ ಅಧ್ಯಕ್ಷತೆ ವಹಿಸಿದ್ದ ಅಂಬೇಡ್ಕರರನ್ನು ದಲಿತರ ನಾಯಕರೆಂದು ಮಹಾರಾಜರು ಜನರೆದುರು ಸಾರಿದರು.

ಮನೆ ಬಾಗಿಲಿಗೆ ತಾವೇ ಹೋಗುವುದು ಶಾಹು ಮಹಾರಾಜರ ರೀತಿ. ಗಂಗಾರಾಮ ಕಾಂಬಳೆ ಎಂಬ ದಲಿತರಿಗೆ ಚಹದಂಗಡಿ ಹಾಕಿಸಿಕೊಟ್ಟು, ಅಲ್ಲಿಗೆ ಹೋಗಿ ತಾವೇ ಚಹ ಕುಡಿದ ಸಂಗತಿ ಎಲ್ಲರಿಗೂ ಗೊತ್ತು. ಚಹದಂಗಡಿಗೆ ಹೋದ ದೊರೆಯೇ ಕೆರೆ ದಂಡೆಯ ಚಿತ್ರಕಾರನನ್ನೂ ಗುರುತಿಸಿದ್ದು. ಎರಡೂ ಬೇರೆ ಬೇರೆ ಗುಣಗಳಲ್ಲ. ಮೇಲಿನವರ ಕಣ್ಣಿಗೆ ಬೀಳದ ಮನುಷ್ಯನನ್ನು ಕಾಣಬಲ್ಲವರು, ಮೇಲಿನವರ ಕಣ್ಣಿಗೆ ಬೀಳದ ಕೆಲಸವನ್ನೂ ಕಾಣಬಲ್ಲರು.

1922ರ ಮೇ 6

1922ರ ಮೇ 6ರಂದು ಮುಂಬಯಿಯಲ್ಲಿ ಶಾಹು ಮಹಾರಾಜರು ನಿಧನರಾದರು. ಇನ್ನೂ ನಲವತ್ತೆಂಟು ತುಂಬಿರಲಿಲ್ಲ. ಕೇಶವರಾವ ಭೋಸಲೆ ಹಿಂದಿನ ವರ್ಷ, 1921ರ ಅಕ್ಟೋಬರಿನಲ್ಲಿ, ಬರೀ ಮೂವತ್ತೊಂದರ ವಯಸ್ಸಿನಲ್ಲಿ ಹೋಗಿಬಿಟ್ಟಿದ್ದರು. ಮಹಾರಾಜರ ನಂತರ ಅಲ್ಲಾದಿಯಾ ಖಾನರು ಕೊಲ್ಲಾಪುರ ಬಿಟ್ಟು ಮುಂಬಯಿಗೆ ಹೋದರು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಆಬಾಲಾಲರಿಗೆ. ತನ್ನನ್ನು ಅರಿತ ಒಬ್ಬನೇ ಒಬ್ಬ ಹೋದನೆಂಬ ಕೊರಗಿನಲ್ಲಿ ಅವರು ತಮ್ಮ ಎಷ್ಟೋ ಚಿತ್ರಗಳನ್ನು ಕೈಯಾರೆ ನಾಶ ಮಾಡಿದರೆಂದು ಕೊಲ್ಲಾಪುರದ ಕಲಾವಿದರು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತಾ ಬಂದಿದ್ದಾರೆ. 1931ರ ಕೊನೆಯಲ್ಲಿ ಆಬಾಲಾಲರೂ ತೀರಿಕೊಂಡರು. ದಿನಂಪ್ರತಿ ಚಿತ್ರ ಬರೆದ ಮನುಷ್ಯನ ಕೆಲಸದಲ್ಲಿ ಇವತ್ತು ನಮ್ಮ ಕಣ್ಣಿಗೆ ಬೀಳುವುದು ಒಂದು ಸಣ್ಣ ಪಾಲು ಮಾತ್ರ.

ಇಲ್ಲೊಂದು ಕಹಿ ಮಾತನ್ನು ಹೇಳಲೇಬೇಕು. ಶಾಹು ಮಹಾರಾಜರ ಕಲಾಪೋಷಣೆಯಲ್ಲಿ ಒಂದು ಕೊರತೆ ಇತ್ತು. ಶಿಕ್ಷಣಕ್ಕೆ ಅವರು ಶಾಲೆ, ವಸತಿಗೃಹ ಕಟ್ಟಿದರು. ನೀರಿಗೆ ಅಣೆಕಟ್ಟು ಕಟ್ಟಿಸಿದರು. ಮೀಸಲಾತಿಯನ್ನು ಕಾನೂನಿನಲ್ಲಿ ಬರೆದರು. ಅವು ದೊರೆ ಹೋದ ಮೇಲೂ ಉಳಿದವು. ಆದರೆ ಚಿತ್ರಗಳಿಗೆ ಅಂಥ ಮನೆ ಅವರ ಕಾಲದಲ್ಲಿ ಆಗಲಿಲ್ಲ. ಆಬಾಲಾಲರ ಕಲೆ ದೊರೆಯ ಪ್ರೀತಿಯ ಮೇಲೆ ನಿಂತಿತ್ತು. ದೊರೆ ಹೋದಾಗ ಆಸರೆಯೂ ಹೋಯಿತು. ಕೊಲ್ಲಾಪುರದ ವಸ್ತುಸಂಗ್ರಹಾಲಯ ಶುರುವಾಗಿದ್ದು 1940ರ ದಶಕದಲ್ಲಿ, ಬ್ರಹ್ಮಪುರಿ ದಿಬ್ಬದ ಉತ್ಖನನದಲ್ಲಿ ಸಿಕ್ಕ ಪುರಾತನ ವಸ್ತುಗಳನ್ನು ಇಡುವುದಕ್ಕೆಂದು. ಅಷ್ಟು ಹೊತ್ತಿಗೆ ಆಬಾಲಾಲರು ತೀರಿ ಹತ್ತು ವರ್ಷಗಳ ಮೇಲಾಗಿತ್ತು.

ಬಾಬುರಾವ ಪೇಂಟರ್ ಅವರ ಕತೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಸಾಲದಲ್ಲಿ ನರಳುವ ರೈತನ ಬಾಳನ್ನು ತೋರಿಸಿದ ‘ಸಾವಕಾರಿ ಪಾಶ’ವನ್ನು ಅವರು 1925ರಲ್ಲಿ ತೆಗೆದರು. 1945ರಲ್ಲಿ ಕೊಲ್ಲಾಪುರದ ಶಿವಾಜಿ ಚೌಕದಲ್ಲಿ ನಿಂತ ಶಿವಾಜಿ ಮಹಾರಾಜರ ಪ್ರತಿಮೆಯೂ ಅವರದೇ. 1954ರಲ್ಲಿ ಅವರು ತೀರಿಕೊಂಡರು. ಅವರ ಪ್ರತಿಮೆ ಕಂಚಾದ್ದರಿಂದ ಉಳಿಯಿತು. ‘ಸೈರಂಧ್ರಿ’ಯ ರೀಲು ಉಳಿಯಲಿಲ್ಲ. ನಾಟಕದ ಪರದೆಗಳ ಬಗ್ಗೆ ಹೇಳುವುದೇ ಬೇಡ. ಮಡಚಿ, ಬಿಚ್ಚಿ, ಊರೂರು ತಿರುಗಿ ಹರಿದುಹೋಗುವುದೇ ಪರದೆಯ ಹಣೆಬರಹ.

ಈಗ ಎಲ್ಲಿ ನೋಡಬಹುದು

ಕೊಲ್ಲಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿ ಆಬಾಲಾಲ್ ರಹಿಮಾನರ ಚಿತ್ರಗಳಿವೆ. ಊರಿಂದ ಕೊಲ್ಲಾಪುರಕ್ಕೆ ಆಸ್ಪತ್ರೆಗೆ, ಕೋರ್ಟಿಗೆ, ಮಹಾಲಕ್ಷ್ಮಿ ದರ್ಶನಕ್ಕೆ ಹೋಗುವ ನಾವು ಒಂದು ತಾಸು ಬಿಡುವು ಮಾಡಿಕೊಂಡು ಅದನ್ನು ನೋಡಿ ಬರಬಹುದು. ನ್ಯೂ ಪ್ಯಾಲೇಸಿನ ಮ್ಯೂಸಿಯಂನಲ್ಲಿ ಶಾಹು ಮಹಾರಾಜರ ಕಾಲದ ವಸ್ತುಗಳಿವೆ. ಚಿತ್ರಗಳನ್ನು ನೋಡಿದ ಮೇಲೆ ರಂಕಾಳಾದ ಸಂಧ್ಯಾಮಠದೆದುರು ಹೋಗಿ ನಿಂತರೆ ಆಬಾಲಾಲರು ಕಂಡದ್ದೇನೆಂದು ತಿಳಿಯುತ್ತದೆ. ಅವರ ಕೋಟಿತೀರ್ಥವೂ ಅಲ್ಲೇ ಇದೆ. ಅದರ ಪಕ್ಕದಲ್ಲಿ ಮಹಾರಾಜರು 1906ರಲ್ಲಿ ಅಡಿಗಲ್ಲು ಹಾಕಿದ ನೂಲಿನ ಗಿರಣಿ ಮುಚ್ಚಿ ಎರಡು ದಶಕ ದಾಟಿದೆ.

ಪ್ಯಾಲೇಸ್ ಥಿಯೇಟರಿನ ಗತಿ ಮಾತ್ರ ಹೇಳುವಾಗ ಮನಸ್ಸು ಭಾರವಾಗುತ್ತದೆ. 2024 ಶಾಹು ಮಹಾರಾಜರ ಜನನದ 150ನೆಯ ವರ್ಷ. ಅದೇ ವರ್ಷ ಆಗಸ್ಟ್ 8ರ ರಾತ್ರಿ, ಕೇಶವರಾವ ಭೋಸಲೆಯವರ ಜನ್ಮದಿನದ ಹಿಂದಿನ ದಿನವೇ, ನಾಟ್ಯಗೃಹ ಬೆಂಕಿಗೆ ಆಹುತಿಯಾಯಿತು. ನೂರು ವರ್ಷ ಹಾಡು ಕೇಳಿದ ರಂಗ ಒಂದೇ ರಾತ್ರಿಯಲ್ಲಿ ಬೂದಿಯಾಯಿತು. ಕಲಾವಿದರು ಅಲ್ಲಿಯೇ ನಿಂತು ಕಣ್ಣೀರು ಹಾಕಿದರು. ಅದನ್ನು ಮೊದಲಿನಂತೆಯೇ ಕಟ್ಟಬೇಕೆಂಬ ಕೂಗು ಮರುದಿನವೇ ಎದ್ದಿತು.

ನಮ್ಮ ಮನೆಯ ಅಟ್ಟದಲ್ಲಿ

ಇದೆಲ್ಲ ದೊರೆಗಳ ಮಾತಾಯಿತು, ನಮ್ಮಂಥವರು ಏನು ಮಾಡಲಾದೀತು ಎಂದು ಕೇಳಬಹುದು. ಮಾಡಲು ಬೇಕಾದಷ್ಟಿದೆ. ನಮ್ಮ ಸುತ್ತಮುತ್ತಲೇ ನೋಡಿ. ಮುರಗೂಡಕ್ಕೆ ಹತ್ತಿರದ ಕಾಪಶಿ ಊರಿನ ಹೆಸರನ್ನು ಕೊಲ್ಲಾಪುರಿ ಚಪ್ಪಲಿಯ ಒಂದು ಜಾತಿಯೇ ಹೊತ್ತಿದೆ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನ ಮಾನ್ಯತೆ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು. ಹುಪರಿಯ ಬೆಳ್ಳಿ ಕೆಲಸ ದೇಶಕ್ಕೇ ಗೊತ್ತು. ಆದರೆ ಆ ಚಪ್ಪಲಿಗೆ ಹೊಸ ಹೆಣಿಗೆ ಕಂಡುಹಿಡಿದವನು ಯಾರು, ಆ ಕಾಲ್ಗೆಜ್ಜೆಗೆ ಹೊಸ ಅಚ್ಚು ಹಾಕಿದವನು ಯಾರು ಎಂದು ನಾವು ಕೇಳಿದ್ದೇವೆಯೇ? ಊರ ಗುಡಿಯ ಗೋಡೆಗೆ ಚಿತ್ರ ಬರೆದವರು, ಜಾತ್ರೆ ನಾಟಕಕ್ಕೆ ಪರದೆ ಬರೆದವರು, ಗಣಪತಿ ಹಬ್ಬಕ್ಕೆ ವರ್ಷಕ್ಕೊಂದು ಹೊಸ ದೃಶ್ಯ ಕಟ್ಟಿದವರು, ಫ್ಲೆಕ್ಸ್ ಬರುವ ಮೊದಲು ಅಂಗಡಿಯ ಬೋರ್ಡು ಬರೆಯುತ್ತಿದ್ದ ಪೇಂಟರುಗಳು ಇವರೆಲ್ಲ ನಮ್ಮ ಊರಿನ ಆಬಾಲಾಲರೇ. ಅವರಲ್ಲಿ ಕೆಲವರು ತಿಕ್ಕಲು ಎನಿಸಿಕೊಂಡಿರಬಹುದು. ಆಬಾಲಾಲರೂ ಅನಿಸಿಕೊಂಡಿರಬಹುದು.

ಅಟ್ಟದ ಮೇಲೆ, ಪಡಸಾಲೆಯ ಗೋಡೆಯ ಮೇಲೆ ಹಳೆಯ ಕೈಚಿತ್ರವಿದ್ದರೆ ಮನೆಗೆ ಸುಣ್ಣ ಬಣ್ಣ ಮಾಡುವಾಗ ಅದನ್ನು ಗುಜರಿಗೆ ಹಾಕಬೇಡಿ. ಮಳೆಗಾಲದ ತೇವ ತಾಗದ ಹಾಗೆ, ನೇರ ಬಿಸಿಲು ಬೀಳದ ಹಾಗೆ ಇಡಿ. ಬರೆದವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ. ಹಿರಿಯರು ಹೋದರೆ ಆ ಹೆಸರು ಹೋಯಿತೆಂದೇ ತಿಳಿಯಿರಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಬದುಕಿರುವ ಕಲಾವಿದರಿದ್ದರೆ ಅವರ ಬಾಗಿಲಿಗೆ ಹೋಗಿ ಒಂದಾದರೂ ಕೆಲಸವನ್ನು ದುಡ್ಡು ಕೊಟ್ಟು ತನ್ನಿ. ಪುಕ್ಕಟೆ ಕೇಳಬೇಡಿ. ಶಾಹು ಮಹಾರಾಜರು ಪುಕ್ಕಟೆ ಕೇಳಲಿಲ್ಲ.

ಶಾಹು ಮಹಾರಾಜರು ಆಳಿದ್ದು ಇಪ್ಪತ್ತೆಂಟು ವರ್ಷ. ಅಷ್ಟರಲ್ಲಿ ಒಂದು ಊರಿನ ಗಾಯಕರು, ನಟರು, ಚಿತ್ರಕಾರರು, ಬಡಿಗರು ಕೂಡಿ ದೇಶಕ್ಕೇ ಮಾದರಿಯಾಗುವಂತೆ ಬೆಳೆದರು. ಅವರು ಹುಡುಕಿದ್ದರಲ್ಲಿ ಅರ್ಧಕ್ಕರ್ಧ ನಮ್ಮ ಕೈ ತಪ್ಪಿತು. ಉಳಿದದ್ದನ್ನು ಕಾಯುವ ಕೆಲಸ ದೊರೆಯದಲ್ಲ, ನಮ್ಮದು. ಮುಂದಿನ ಜೂನ್ 26ಕ್ಕೆ ಭಾವಚಿತ್ರಕ್ಕೆ ಹಾರ ಹಾಕುವಾಗ ಆ ಚಿತ್ರ ಬರೆದ ಕೈ ಯಾರದೆಂದು ಒಮ್ಮೆ ವಿಚಾರಿಸಿದರೂ ಸಾಕು, ಜಯಂತಿ ಸಾರ್ಥಕವಾದೀತು.